ಕೈ ಎತ್ತದ ಪೈಲ್ವಾನ



ಈ ಸಲದ ನಮ್ಮ ಗೋಡೆ ಪತ್ರಿಕೆಗೆ ಒಬ್ಬ ಪೈಲ್ವಾನರ ಜೀವನ ಕಥೆಯನ್ನು ಬರೆದಿದ್ದೇನೆ. ಪೈಲ್ವಾನ ಅಂದ ಕೂಡಲೇ ನಮಗೆಲ್ಲಾ ಗಾಮಾ, ದಾರಾ ಸಿಂಗ್ ಇವರ ಹೆಸರು ನೆನಪಾಗುತ್ತದೆ. ಜಾತ್ರೆಯ ಕುಸ್ತಿಯಲ್ಲಿ ಗೆದ್ದು ಬೆಳ್ಳಿ ಕಡಗ ಹಾಕಿಸಿಕೊಂಡವರು, ಜನರ ಹೆಗಲ ಮೇಲೆ ಕೂತು ಹಲಗೆ ಬಾರಿಸಿಕೊಂಡು ಮೆರವಣಿಗೆ ಹೋದವರು ನೆನಪಾಗುತ್ತಾರೆ. ಆದರೆ ನಾನು ಹೇಳಲಿರುವ ಪೈಲ್ವಾನರು ತಮ್ಮ ಜೀವನದ ಎಲ್ಲಕ್ಕಿಂತ ದೊಡ್ಡ ಪಂದ್ಯದಲ್ಲಿ ಗೆಲ್ಲಲಿಲ್ಲ. ಅವರಿಗೆ ಬಂದದ್ದು ನಾಲ್ಕನೇ ಸ್ಥಾನ. ನಾಲ್ಕನೆಯವರಿಗೆ ಪದಕವೂ ಇಲ್ಲ, ನಿಲ್ಲಲಿಕ್ಕೆ ಮೆಟ್ಟಿಲೂ ಇಲ್ಲ. ಆದರೂ ಅವರು ತೀರಿಕೊಂಡು 80 ವರ್ಷ ದಾಟಿದರೂ ಅವರ ಹೆಸರು ಉಳಿದಿದೆ. ಯಾಕೆ ಉಳಿದಿದೆ ಅಂತ ಹೇಳುವುದಕ್ಕೇ ಈ ಲೇಖನ.

ಅವರ ಹೆಸರು ವರ್ನರ್ ಸೀಲೆನ್‌ಬಿಂಡರ್. ದೇಶ ಜರ್ಮನಿ. ಹೆಸರು ಸ್ವಲ್ಪ ಉದ್ದ, ಬಾಯಿಗೆ ಬೇಗ ಬರುವುದಿಲ್ಲ. ಆದ್ದರಿಂದ ಮುಂದೆ ವರ್ನರ್ ಅಂತಲೇ ಬರೆಯುತ್ತೇನೆ.

ಹುಟ್ಟು ಮತ್ತು ಬಾಲ್ಯ

ವರ್ನರ್ ಹುಟ್ಟಿದ್ದು 1904ನೇ ಇಸವಿ ಆಗಸ್ಟ್ 2ರಂದು, ಸ್ಟೆಟಿನ್ ಎಂಬ ಬಂದರು ಪಟ್ಟಣದಲ್ಲಿ. ಆಗ ಅದು ಜರ್ಮನಿಗೆ ಸೇರಿತ್ತು. ಎರಡನೇ ಮಹಾಯುದ್ಧದ ನಂತರ ಪೋಲೆಂಡ್ ದೇಶಕ್ಕೆ ಸೇರಿತು. ಅವರದು ದುಡಿದು ತಿನ್ನುವ ಬಡ ಕುಟುಂಬ. ವರ್ನರ್ ಚಿಕ್ಕವರಿದ್ದಾಗಲೇ ಮನೆಯವರೆಲ್ಲ ರಾಜಧಾನಿ ಬರ್ಲಿನ್‌ಗೆ ಬಂದು ನೆಲೆಸಿದರು. ಬರ್ಲಿನ್ ಅಂದರೆ ದೊಡ್ಡ ದೊಡ್ಡ ಕಾರ್ಖಾನೆಗಳ ಊರು. ಕೂಲಿ ಕಾರ್ಮಿಕರು ಒಂದೇ ಕಟ್ಟಡದಲ್ಲಿ ಹತ್ತಾರು ಸಂಸಾರ ಸೇರಿ, ಬಿಸಿಲು ಗಾಳಿ ಸರಿಯಾಗಿ ಬಾರದ ಇಕ್ಕಟ್ಟಿನ ಕೋಣೆಗಳಲ್ಲಿ ಇರುತ್ತಿದ್ದರು.

ವರ್ನರ್‌ಗೆ ಹತ್ತು ವರ್ಷ ತುಂಬುವ ಹೊತ್ತಿಗೆ, 1914ರಲ್ಲಿ, ಮೊದಲನೇ ಮಹಾಯುದ್ಧ ಶುರುವಾಯಿತು. ನಾಲ್ಕು ವರ್ಷ ನಡೆದ ಆ ಯುದ್ಧದಲ್ಲಿ ಜರ್ಮನಿಯ ಬಡವರು ಬಹಳ ಹಸಿವು ಕಂಡರು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೆಟ್ಟುಹೋಗಿ, ದನಕ್ಕೆ ಹಾಕುತ್ತಿದ್ದ ಗಡ್ಡೆಯನ್ನೇ ಜನ ಬೇಯಿಸಿ ತಿಂದರು. ಇಂಥ ಕಾಲದಲ್ಲಿ ಬೆಳೆದ ಹುಡುಗ ಮುಂದೆ ದೇಶದ ದೊಡ್ಡ ಪೈಲ್ವಾನನಾದದ್ದು ಸಣ್ಣ ಮಾತಲ್ಲ.

ಶಾಲೆ ಮುಗಿದ ಮೇಲೆ ವರ್ನರ್ ಬಡಗಿ ಕೆಲಸ ಕಲಿತರು. ಉಳಿ, ಗರಗಸ, ಉಜ್ಜುಗೊರಡು ಹಿಡಿದು ಮರಗೆಲಸ ಮಾಡುವುದು ಅವರ ಕಸುಬು. ಸಂಜೆ ಕೆಲಸ ಬಿಟ್ಟ ಮೇಲೆ ಕಾರ್ಮಿಕರ ವ್ಯಾಯಾಮ ಸಂಘಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಗರಡಿ ಮನೆ ಇದ್ದಂಗೆ ಅಂತ ತಿಳಿದುಕೊಳ್ಳಿ. ಆಗಿನ ಜರ್ಮನಿಯಲ್ಲಿ ಶ್ರೀಮಂತರ ಕ್ರೀಡಾ ಸಂಘಗಳು ಬೇರೆ, ಕಾರ್ಮಿಕರ ಸಂಘಗಳು ಬೇರೆ ಇದ್ದವು. ಕಾರ್ಮಿಕರ ಸಂಘಗಳ ಒಕ್ಕೂಟದಲ್ಲಿ ಲಕ್ಷಾಂತರ ಸದಸ್ಯರಿದ್ದರು. ಅವರದೇ ಬೇರೆ ಒಲಿಂಪಿಕ್ಸ್ ಕೂಡ ಇತ್ತು. 1925ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರ ಒಲಿಂಪಿಯಾಡ್ ನಡೆಯಿತು. ಅಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಾವುಟ ಇರಲಿಲ್ಲ, ಎಲ್ಲರಿಗೂ ಒಂದೇ ಕೆಂಪು ಬಾವುಟ. ಹೋದ ಯುದ್ಧದಲ್ಲಿ ಒಬ್ಬರಿಗೊಬ್ಬರು ಗುಂಡು ಹಾರಿಸಿದ ದೇಶಗಳ ಹುಡುಗರು ಅಲ್ಲಿ ಕೈ ಕುಲುಕಿ ಆಟ ಆಡಿದರು.

1928ರಲ್ಲಿ ರಷ್ಯಾದ ಮಾಸ್ಕೋದಲ್ಲಿ ಸ್ಪಾರ್ಟಕಿಯಾಡ್ ಎಂಬ ದೊಡ್ಡ ಕ್ರೀಡಾಕೂಟ ನಡೆಯಿತು. ಜರ್ಮನಿಯ ಕಾರ್ಮಿಕ ಕ್ರೀಡಾಪಟುಗಳ ಜೊತೆ ವರ್ನರ್ ಕೂಡ ಹೋಗಿ ಕುಸ್ತಿ ಆಡಿದರು. ಅದೇ ವರ್ಷ ಅವರು ಜರ್ಮನಿಯ ಕಮ್ಯುನಿಸ್ಟ್ ಪಕ್ಷ ಸೇರಿದರು.

ಗ್ರೀಕೋ-ರೋಮನ್ ಕುಸ್ತಿ ಅಂದರೇನು?

ಇಲ್ಲಿ ಸ್ವಲ್ಪ ನಿಲ್ಲಿಸಿ ಕುಸ್ತಿಯ ವಿಷಯ ಹೇಳಬೇಕು. ಇಲ್ಲದಿದ್ದರೆ ಮುಂದಿನ ಕಥೆ ಸರಿಯಾಗಿ ತಿಳಿಯುವುದಿಲ್ಲ.

ಒಲಿಂಪಿಕ್ಸ್‌ನಲ್ಲಿ ಎರಡು ತರಹದ ಕುಸ್ತಿ ಇದೆ. ಒಂದು ಫ್ರೀಸ್ಟೈಲ್. ಇದು ನಮ್ಮ ಕುಸ್ತಿಗೆ ಹತ್ತಿರ. ಎದುರಾಳಿಯ ಕಾಲು ಹಿಡಿದು ಎಳೆಯಬಹುದು, ಕಾಲಿಗೆ ಕಾಲು ಕೊಟ್ಟು ಕೆಡವಬಹುದು. 1952ರಲ್ಲಿ ಹೆಲ್ಸಿಂಕಿಯಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಕರಾಡ ಕಡೆಯ ಖಾಶಾಬಾ ಜಾಧವರು ಕಂಚಿನ ಪದಕ ಗೆದ್ದದ್ದು ಈ ಫ್ರೀಸ್ಟೈಲ್‌ನಲ್ಲಿ. ಇನ್ನೊಂದು ಗ್ರೀಕೋ-ರೋಮನ್. ಇದರಲ್ಲಿ ಸೊಂಟದಿಂದ ಕೆಳಗೆ ಮುಟ್ಟುವ ಹಾಗೇ ಇಲ್ಲ. ಕಾಲು ಹಿಡಿಯುವಂತಿಲ್ಲ, ಕಾಲಿನಿಂದ ಪಟ್ಟು ಹಾಕುವಂತಿಲ್ಲ. ಏನು ಮಾಡಿದರೂ ಕೈ, ತೋಳು, ಎದೆ, ಬೆನ್ನಿನ ಬಲದಿಂದಲೇ ಮಾಡಬೇಕು. ಎದುರಾಳಿಯನ್ನು ಎರಡೂ ತೋಳಲ್ಲಿ ಬಿಗಿಯಾಗಿ ಅಪ್ಪಿ, ನೆಲದಿಂದ ಮೇಲಕ್ಕೆತ್ತಿ, ತಾನೂ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ತಲೆಯ ಮೇಲಿಂದ ಎತ್ತಿ ಹಾಕುವುದು ಇದರ ದೊಡ್ಡ ಪಟ್ಟು. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು.

ಹೆಸರಿನಲ್ಲಿ ಗ್ರೀಸ್, ರೋಮ್ ಇದ್ದರೂ ಈ ಕುಸ್ತಿ ಈಗಿನ ರೂಪಕ್ಕೆ ಬಂದದ್ದು 19ನೇ ಶತಮಾನದ ಫ್ರಾನ್ಸ್ ದೇಶದಲ್ಲಿ. ಆಮೇಲೆ ಯುರೋಪಿನಲ್ಲೆಲ್ಲಾ ಹಬ್ಬಿತು.

ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಮಾಡುತ್ತಾರೆ. 1936ರಲ್ಲಿ ಏಳು ತೂಕದ ವಿಭಾಗಗಳಿದ್ದವು. 56 ಕಿಲೋ, 61, 66, 72, 79, 87, ಆಮೇಲೆ 87ಕ್ಕೂ ಮೇಲ್ಪಟ್ಟವರು. ಕೊನೆಯದು ಹೆವಿವೇಯ್ಟ್, ಅಂದರೆ ಆನೆಯಂಥವರ ವಿಭಾಗ. ಅದಕ್ಕಿಂತ ಒಂದು ಮೆಟ್ಟಿಲು ಹಗುರವಾದ 79ರಿಂದ 87 ಕಿಲೋ ವಿಭಾಗಕ್ಕೆ ಲೈಟ್ ಹೆವಿವೇಯ್ಟ್ ಅಂತ ಹೆಸರು. ವರ್ನರ್ ಆಡುತ್ತಿದ್ದದ್ದು ಈ ವಿಭಾಗದಲ್ಲಿ. ಈ ತೂಕದವರಿಗೆ ಬಲವೂ ಬೇಕು, ಚುರುಕೂ ಬೇಕು. ಮೈಭಾರ ಹಾಕಿ ಕೂತುಬಿಡೋಣ ಅಂದರೆ ಆಗುವುದಿಲ್ಲ.

ಮೊದಲನೇ ಪರೀಕ್ಷೆ: 1933

1933ನೇ ಇಸವಿ ಜನವರಿ 30ರಂದು ಹಿಟ್ಲರ್ ಜರ್ಮನಿಯ ಪ್ರಧಾನಿಯಾದ. ಕೆಲವೇ ತಿಂಗಳಲ್ಲಿ ತನ್ನ ನಾಜಿ ಪಕ್ಷವೊಂದನ್ನು ಬಿಟ್ಟು ಉಳಿದೆಲ್ಲಾ ಪಕ್ಷಗಳನ್ನು ಮುಚ್ಚಿಸಿದ. ಕಾರ್ಮಿಕ ಸಂಘಗಳನ್ನು ಮುಚ್ಚಿಸಿದ. ವರ್ನರ್ ಕುಸ್ತಿ ಕಲಿತ ಕಾರ್ಮಿಕರ ಕ್ರೀಡಾ ಸಂಘಗಳಿಗೂ ಬೀಗ ಬಿತ್ತು. ಯೆಹೂದಿ ಜನರನ್ನು ಕೆಲಸದಿಂದ, ಆಟದ ಸಂಘಗಳಿಂದ ಹೊರಗೆ ಹಾಕಲು ಶುರು ಮಾಡಿದರು. ಎದುರು ಮಾತಾಡಿದವರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು.

ಆಗ ಒಂದು ಹೊಸ ಪದ್ಧತಿ ಬಂತು. ಅದೇ ನಾಜಿ ವಂದನೆ. ಬಲಗೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿ, ಹಿಟ್ಲರನ ಹೆಸರು ಕೂಗಬೇಕು. ಕಚೇರಿಗಳಲ್ಲಿ, ಬೀದಿಯಲ್ಲಿ, ಆಟದ ಬಯಲಲ್ಲಿ ಎಲ್ಲೆಲ್ಲೂ ಇದೇ. ಶಾಲೆಯಲ್ಲೂ ಮೇಷ್ಟರು ಒಳಗೆ ಬಂದರೆ ಮಕ್ಕಳೆಲ್ಲಾ ಎದ್ದು ನಿಂತು ಕೈ ಚಾಚಬೇಕಾಗಿತ್ತು. ಮನಸ್ಸಿನಲ್ಲಿ ಇಷ್ಟ ಇದ್ದವರೂ ಎತ್ತಿದರು, ಇಲ್ಲದವರೂ ಹೆದರಿ ಎತ್ತಿದರು. ಎಲ್ಲರ ಕೈ ಮೇಲಿದ್ದಾಗ ಒಬ್ಬನ ಕೈ ಕೆಳಗಿದ್ದರೆ ಅದು ದೂರದಿಂದಲೇ ಕಾಣುತ್ತದೆ. ಆ ಪದ್ಧತಿಯ ಉದ್ದೇಶವೇ ಅದು. ಯಾರು ನಮ್ಮವರಲ್ಲ ಅಂತ ಎಣಿಸಿ ಹುಡುಕಬೇಕಾಗಿಲ್ಲ, ನೋಡಿದರೆ ಸಾಕು.

ಆ ವರ್ಷ ವರ್ನರ್ ಜರ್ಮನಿಯ ರಾಷ್ಟ್ರೀಯ ಕುಸ್ತಿಯಲ್ಲಿ ಲೈಟ್ ಹೆವಿವೇಯ್ಟ್ ಚಾಂಪಿಯನ್ ಆದರು. ಬಹುಮಾನ ಕೊಡುವ ಹೊತ್ತಿಗೆ ರಾಷ್ಟ್ರಗೀತೆ ಬಾರಿಸಿದರು. ಸುತ್ತಮುತ್ತ ಇದ್ದವರ ಕೈಗಳೆಲ್ಲಾ ಮೇಲೆದ್ದವು. ಗೆದ್ದು ನಿಂತಿದ್ದ ವರ್ನರ್ ಕೈ ಎತ್ತಲಿಲ್ಲ. ಸುಮ್ಮನೆ ನಿಂತುಕೊಂಡರು.

ಎಷ್ಟು ಸಣ್ಣ ಕೆಲಸ ನೋಡಿ! ಏನನ್ನೂ ಮಾಡದೆ ಸುಮ್ಮನೆ ನಿಲ್ಲುವುದು. ಅದಕ್ಕೆ ಸಿಕ್ಕಿದ ಶಿಕ್ಷೆ ಸಣ್ಣದಲ್ಲ. 16 ತಿಂಗಳು ಅವರು ಯಾವ ಪಂದ್ಯದಲ್ಲೂ ಆಡಬಾರದು, ತಾಲೀಮೂ ಮಾಡಬಾರದು ಎಂದು ಆಜ್ಞೆ ಆಯಿತು. ಪೈಲ್ವಾನನಿಗೆ ತಾಲೀಮು ಬಿಡಿಸುವುದು ಎಂದರೆ ಏನು ಅಂತ ಗರಡಿ ಮನೆ ಕಂಡವರಿಗೆ ಗೊತ್ತು. ಒಂದು ತಿಂಗಳು ಬಿಟ್ಟರೆ ಮೈ ಬಿಗಿ ಹೋಗುತ್ತದೆ. ವರ್ನರ್‌ಗೆ ಆಗ 29 ವರ್ಷ. ಪೈಲ್ವಾನನ ತೋಳಿಗೆ ಅದು ತುಂಬು ಪ್ರಾಯ. ಆ ಪ್ರಾಯದಲ್ಲಿ ಒಂದೂವರೆ ವರ್ಷದಷ್ಟು ಕಾಲ ಕಿತ್ತುಕೊಂಡರು.

ಶಿಕ್ಷೆ ಮುಗಿದ ಮೇಲೆ ವರ್ನರ್ ಮತ್ತೆ ಅಖಾಡಕ್ಕೆ ಇಳಿದರು, ಮತ್ತೆ ಗೆದ್ದರು. ಒಟ್ಟು ಆರು ಸಲ ಜರ್ಮನಿಯ ಚಾಂಪಿಯನ್ ಆದರು.

ಬರ್ಲಿನ್ ಒಲಿಂಪಿಕ್ಸ್

1936ರ ಒಲಿಂಪಿಕ್ಸ್ ಬರ್ಲಿನ್‌ನಲ್ಲಿ ನಡೆಯಬೇಕು ಎಂದು 1931ರಲ್ಲೇ, ಅಂದರೆ ಹಿಟ್ಲರ್ ಬರುವ ಮೊದಲೇ, ತೀರ್ಮಾನವಾಗಿತ್ತು. ಹಿಟ್ಲರ್ ಬಂದ ಮೇಲೆ ಅಮೆರಿಕ ಮುಂತಾದ ದೇಶಗಳಲ್ಲಿ ಬರ್ಲಿನ್‌ಗೆ ಹೋಗಬೇಕೋ ಬೇಡವೋ ಅಂತ ದೊಡ್ಡ ವಾದವೇ ನಡೆಯಿತು. ಹೋಗಬಾರದು ಎಂದವರು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಬೇರೆ ಕ್ರೀಡಾಕೂಟ ಮಾಡಲು ಹೊರಟರು. ಆದರೆ 1936ರ ಜುಲೈನಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಅದು ನಿಂತೇ ಹೋಯಿತು.

ಹಿಟ್ಲರನ ಸರ್ಕಾರ ಬರ್ಲಿನ್‌ನ್ನು ಮದುವೆ ಮನೆಯ ಹಾಗೆ ಸಿಂಗರಿಸಿತು. ಬಂದ ಅತಿಥಿಗಳಿಗೆ ಕಾಣಬಾರದು ಎಂದು ಯೆಹೂದಿಗಳನ್ನು ಹೀಯಾಳಿಸುವ ಫಲಕಗಳನ್ನು ಸ್ವಲ್ಪ ದಿನ ತೆಗೆಸಿತು. ಗ್ರೀಸ್ ದೇಶದಿಂದ ಕ್ರೀಡಾ ಜ್ಯೋತಿಯನ್ನು ಓಡುತ್ತಾ ತರುವ ಪದ್ಧತಿ ಶುರುವಾದದ್ದೂ ಆ ವರ್ಷವೇ. ಹೊರಗೆ ನೋಡಿದರೆ ಎಲ್ಲಾ ಚಂದ. ಒಳಗೆ ಜೈಲುಗಳು ತುಂಬಿದ್ದವು.

ವರ್ನರ್ ಜರ್ಮನಿಯ ತಂಡಕ್ಕೆ ಆಯ್ಕೆಯಾದರು. ಅವರ ವಿಭಾಗದಲ್ಲಿ ಅವರನ್ನು ಬಿಟ್ಟರೆ ಅಷ್ಟು ಒಳ್ಳೆಯ ಪೈಲ್ವಾನ ಇರಲಿಲ್ಲ. ಆದರೆ ಅವರ ಮನಸ್ಸಿನಲ್ಲಿ ಎರಡು ವಿಚಾರ. ಈ ಸರ್ಕಾರದ ಹಬ್ಬದಲ್ಲಿ ನಾನು ಯಾಕೆ ಆಡಬೇಕು, ಬಿಟ್ಟುಬಿಡೋಣ ಎಂದು ಮೊದಲು ಅವರಿಗೆ ಅನ್ನಿಸಿತು. ಆದರೆ ಗುಟ್ಟಾಗಿ ನಾಜಿಗಳ ವಿರುದ್ಧ ಕೆಲಸ ಮಾಡುತ್ತಿದ್ದ ಅವರ ಸ್ನೇಹಿತರು ಬೇರೆ ಸಲಹೆ ಕೊಟ್ಟರು. ಮನೆಯಲ್ಲಿ ಕೂತರೆ ಯಾರಿಗೂ ತಿಳಿಯುವುದಿಲ್ಲ. ಆಡಿ ಪದಕ ಗೆದ್ದರೆ ಮೆಟ್ಟಿಲ ಮೇಲೆ ನಿಲ್ಲಬಹುದು. ಆಗ ಪ್ರಪಂಚವೇ ನೋಡುತ್ತಿರುತ್ತದೆ. ಅಲ್ಲಿ ನಾಜಿ ವಂದನೆ ಮಾಡದೆ, ಈ ಸರ್ಕಾರವನ್ನು ಒಪ್ಪದ ಜರ್ಮನರೂ ಇದ್ದಾರೆ ಅಂತ ಎಲ್ಲರೆದುರು ತೋರಿಸಬಹುದು. ಇದು ಅವರ ಲೆಕ್ಕ. ವರ್ನರ್ ಒಪ್ಪಿದರು.

ಯೋಚನೆ ಮಾಡಿ ನೋಡಿ. 1933ರಲ್ಲಿ ಸಿಕ್ಕಿದ್ದು 16 ತಿಂಗಳ ನಿಷೇಧ. 1936ರಲ್ಲಿ, ಹೊರದೇಶದವರೆಲ್ಲರ ಎದುರಿಗೆ ಹಿಟ್ಲರನ ಮುಖಕ್ಕೆ ಮಸಿ ಬಳಿದರೆ ಅಷ್ಟಕ್ಕೇ ಬಿಡುತ್ತಾರೆಯೇ? ಪ್ರಾಣಕ್ಕೇ ಅಪಾಯ ಬರಬಹುದಾಗಿತ್ತು. ಇದು ಗೊತ್ತಿದ್ದೂ ಅವರು ತಾಲೀಮು ಶುರು ಮಾಡಿದರು. ಬೇರೆ ಪೈಲ್ವಾನರು ಪದಕ ಗೆಲ್ಲಬೇಕು ಅಂತ ಬೆವರು ಸುರಿಸಿದರು. ವರ್ನರ್ ಅಪಾಯಕ್ಕೆ ಎದೆ ಕೊಡುವ ಅವಕಾಶ ಗೆಲ್ಲಬೇಕು ಅಂತ ಬೆವರು ಸುರಿಸಿದರು.

ಆ ಕುಸ್ತಿ

ಗ್ರೀಕೋ-ರೋಮನ್ ಕುಸ್ತಿ ನಡೆದದ್ದು 1936ರ ಆಗಸ್ಟ್ 6ರಿಂದ 9ರವರೆಗೆ, ಡಾಯಿಷ್‌ಲಾಂಡ್‌ಹಾಲೆ ಎಂಬ ದೊಡ್ಡ ಒಳಾಂಗಣದಲ್ಲಿ. ಅದನ್ನು ಕಟ್ಟಿ ಆಗ ಒಂದು ವರ್ಷವೂ ಆಗಿರಲಿಲ್ಲ.

ಆ ಕಾಲದಲ್ಲಿ ಅಂಕದ ಲೆಕ್ಕ ಈಗಿನ ಹಾಗಿರಲಿಲ್ಲ. ಉಲ್ಟಾ ಲೆಕ್ಕ. ಒಳ್ಳೆಯ ಅಂಕ ಕೊಡುತ್ತಿರಲಿಲ್ಲ, ಕೆಟ್ಟ ಅಂಕ ಕೊಡುತ್ತಿದ್ದರು. ಎದುರಾಳಿಯನ್ನು ಚಿತ್ ಮಾಡಿ ಗೆದ್ದರೆ ಸೊನ್ನೆ. ಚಿತ್ ಮಾಡದೆ ತೀರ್ಪುಗಾರರ ತೀರ್ಪಿನಿಂದ ಗೆದ್ದರೆ 1 ಕೆಟ್ಟ ಅಂಕ. ಸೋತರೆ 3. ತೀರ್ಪುಗಾರರಲ್ಲೇ ಒಮ್ಮತ ಇಲ್ಲದೆ ಸೋತರೆ 2. ಹೀಗೆ ಕೂಡುತ್ತಾ 5 ಆದರೆ ಮನೆಗೆ. ಆದ್ದರಿಂದ ಒಂದು ಸಲ ಸೋತ ಕೂಡಲೇ ಎಲ್ಲಾ ಮುಗಿಯುತ್ತಿರಲಿಲ್ಲ. ಆದರೆ ಆಮೇಲೆ ಪ್ರತಿಯೊಂದು ಕುಸ್ತಿಯೂ ಕತ್ತಿಯ ಅಲುಗಿನ ಮೇಲಿನ ನಡಿಗೆ.

ವರ್ನರ್ ಅವರ ಮೊದಲ ಜೋಡಿ ಲಾಟ್ವಿಯಾ ದೇಶದ ಎಡ್ವಿನ್ಸ್ ಬಿಯೆಟಾಗ್ಸ್. ಗಟ್ಟಿ ಪೈಲ್ವಾನ. ವರ್ನರ್ ಆ ಮೊದಲ ಕುಸ್ತಿಯಲ್ಲೇ ಸೋತರು. ತಮ್ಮದೇ ಊರು, ಸುತ್ತ ತಮ್ಮದೇ ಜನ. ಮನಸ್ಸಿನಲ್ಲಿ ಯಾರಿಗೂ ಹೇಳಲಾಗದ ಗುಟ್ಟು. ಆ ಗುಟ್ಟಿನ ಭಾರವೂ ಅವರ ಹೆಗಲ ಮೇಲೆ ಇತ್ತು ಅಂತ ನನಗೆ ಅನ್ನಿಸುತ್ತದೆ. 87 ಕಿಲೋ ವಿಭಾಗದ ತಕ್ಕಡಿಯಲ್ಲಿ ಆ ಭಾರ ತೂಗಲು ಬರುವುದಿಲ್ಲ.

ಸೋತ ಮೇಲೆ ವರ್ನರ್ ಕೈಚೆಲ್ಲಿ ಕೂರಲಿಲ್ಲ. ಮತ್ತೆ ಇಳಿದರು. ಮುಂದಿನ ಸುತ್ತುಗಳಲ್ಲಿ ಗೆದ್ದು ಮೇಲೆ ಬಂದರು. ಆದರೆ ಮೊದಲೇ ಸೇರಿದ್ದ ಕೆಟ್ಟ ಅಂಕ ಕೊನೆಗೆ ಅವರನ್ನು ಹಿಂದಕ್ಕೆ ಎಳೆಯಿತು. ಸ್ವೀಡನ್ ದೇಶದ ಆಕ್ಸೆಲ್ ಕಾಡಿಯೆರ್‌ಗೆ ಚಿನ್ನ, ಬಿಯೆಟಾಗ್ಸ್‌ಗೆ ಬೆಳ್ಳಿ, ಎಸ್ಟೋನಿಯಾದ ಆಗಸ್ಟ್ ನಿಯೋಗೆ ಕಂಚು. ವರ್ನರ್ ನಾಲ್ಕನೆಯವರು. ಒಂದೇ ಒಂದು ಸ್ಥಾನ ಕಡಿಮೆ. ಮೆಟ್ಟಿಲು ಹತ್ತಲು ಆಗಲಿಲ್ಲ. ಅಂದುಕೊಂಡದ್ದು ನಡೆಯಲಿಲ್ಲ. ಸಭಾಂಗಣದಲ್ಲಿ ಇದ್ದ ಸಾವಿರಾರು ಜನರಿಗೆ ಅಲ್ಲಿ ಏನು ನಡೆಯಬೇಕಾಗಿತ್ತು ಅಂತಲೂ ಗೊತ್ತಾಗಲಿಲ್ಲ.

ಅದೇ ಒಲಿಂಪಿಕ್ಸ್‌ನಲ್ಲಿ ನಡೆದ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ. ಕಪ್ಪು ಜನರನ್ನು ಕೀಳು ಎನ್ನುತ್ತಿದ್ದ ನಾಜಿಗಳ ಕಣ್ಣೆದುರೇ ಅಮೆರಿಕದ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದರು. ಆಗಸ್ಟ್ 15ರಂದು ನಮ್ಮ ಧ್ಯಾನ್‌ಚಂದ್ ನಾಯಕತ್ವದ ಹಾಕಿ ತಂಡ ಜರ್ಮನಿಯನ್ನು 8-1 ಗೋಲುಗಳಿಂದ ಸೋಲಿಸಿ ಚಿನ್ನ ತಂತು. ನಮಗೆ ಸ್ವಾತಂತ್ರ್ಯ ಬಂದದ್ದು ಅದೇ ತಾರೀಕು, 11 ವರ್ಷ ಕಳೆದ ಮೇಲೆ.

ಗುಟ್ಟಿನ ಕೆಲಸ

ಇಲ್ಲಿಗೆ ಕಥೆ ಮುಗಿದಿದ್ದರೆ ವರ್ನರ್ ಅವರನ್ನು ಯಾರೂ ನೆನೆಯುತ್ತಿರಲಿಲ್ಲವೇನೋ. ಮೆಟ್ಟಿಲು ಸಿಗಲಿಲ್ಲ, ನನ್ನ ಪಾಲಿನದು ಮಾಡಿದೆ, ಇನ್ನು ನನ್ನ ಪಾಡಿಗೆ ನಾನು ಇರುತ್ತೇನೆ ಅಂತ ಅವರು ಅಂದುಕೊಳ್ಳಬಹುದಿತ್ತು. ಹಾಗೆ ಅಂದುಕೊಂಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ.

ಬರ್ಲಿನ್‌ನಲ್ಲಿ ರಾಬರ್ಟ್ ಊರಿಗ್ ಎಂಬ ಕಾರ್ಮಿಕ ಮುಖಂಡರು ನಾಜಿ ವಿರೋಧಿಗಳ ಒಂದು ಗುಪ್ತ ಸಂಘಟನೆ ಕಟ್ಟಿದ್ದರು. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರೇ ಅದರ ಸದಸ್ಯರು. ಕರಪತ್ರ ಹಂಚುವುದು, ಯುದ್ಧದ ನಿಜ ಸುದ್ದಿ ತಿಳಿಸುವುದು, ಪೊಲೀಸರು ಹುಡುಕುತ್ತಿದ್ದವರಿಗೆ ಆಸರೆ ಕೊಡುವುದು ಇಂಥ ಕೆಲಸ. ವರ್ನರ್ ಈ ಗುಂಪಿಗೆ ಸೇರಿ ಕೆಲಸ ಮಾಡಿದರು.

ಇಲ್ಲಿ ಅವರ ಕುಸ್ತಿಯೇ ಉಪಯೋಗಕ್ಕೆ ಬಂತು. ಸಾಮಾನ್ಯ ಜನ ಹೊರದೇಶಕ್ಕೆ ಹೋಗುವುದು ಕಷ್ಟ. ಆದರೆ ದೇಶದ ಚಾಂಪಿಯನ್ ಪೈಲ್ವಾನ ಪಂದ್ಯಕ್ಕೆ ಹೋಗುತ್ತೇನೆ ಅಂದರೆ ಗಡಿಯಲ್ಲಿ ಯಾರು ತಡೆಯುತ್ತಾರೆ? 1937ರಲ್ಲಿ ಪ್ಯಾರಿಸ್, 1938ರಲ್ಲಿ ಎಸ್ಟೋನಿಯಾದ ಟಾಲಿನ್, ಹೀಗೆ ಎರಡು ಸಲ ಯುರೋಪ್ ಚಾಂಪಿಯನ್‌ಶಿಪ್‌ನಲ್ಲಿ ಅವರು ಕಂಚಿನ ಪದಕ ಗೆದ್ದರು. ಇಂಥ ಪ್ರಯಾಣಗಳಲ್ಲಿ ಹೊರದೇಶದಲ್ಲಿದ್ದ ಗೆಳೆಯರಿಗೆ ಸುದ್ದಿ ಒಯ್ಯುವುದು, ಅಲ್ಲಿಂದ ಸುದ್ದಿ ತರುವುದು ಮಾಡಿದರು. ಯಾವ ಸರ್ಕಾರ ಅವರ ಪದಕವನ್ನು ತನ್ನ ಹೆಮ್ಮೆ ಅಂತ ಹೇಳಿಕೊಂಡಿತೋ, ಅದೇ ಸರ್ಕಾರದ ಮೂಗಿನ ಕೆಳಗೇ ಈ ಕೆಲಸ ನಡೆಯುತ್ತಿತ್ತು.

ಒಲಿಂಪಿಕ್ಸ್‌ನಲ್ಲಿ ಅಂದುಕೊಂಡದ್ದು ಎಲ್ಲರಿಗೂ ಕಾಣುವ ಕೆಲಸ. ಒಂದೇ ನಿಮಿಷದ್ದು. ಇದು ಯಾರಿಗೂ ಕಾಣದ ಕೆಲಸ, ವರ್ಷಗಟ್ಟಲೆಯದು. ಚಪ್ಪಾಳೆ ಇಲ್ಲ, ಪದಕ ಇಲ್ಲ. ಯಾವ ದಿನ ಬಾಗಿಲು ಬಡಿಯುತ್ತಾರೋ ಎಂಬ ಹೆದರಿಕೆ ಮಾತ್ರ ದಿನಾ ಇತ್ತು. ಮೊದಲನೆಯದಕ್ಕಿಂತ ಎರಡನೆಯದೇ ಕಷ್ಟ ಅಂತ ನನಗೆ ಅನ್ನಿಸುತ್ತದೆ.

ಸೆರೆ ಮತ್ತು ಸಾವು

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. 1942ನೇ ಇಸವಿ ಫೆಬ್ರವರಿ 4ರಂದು ಗುಪ್ತ ಪೊಲೀಸರು ಊರಿಗ್ ಗುಂಪಿನ ಮೇಲೆ ಬಲೆ ಬೀಸಿದರು. ಊರಿಗ್ ಸಿಕ್ಕಿಬಿದ್ದರು. ವರ್ನರ್ ಕೂಡ ಸಿಕ್ಕಿಬಿದ್ದರು. ಆ ದಿನಗಳಲ್ಲಿ ಸುಮಾರು 200 ಜನರನ್ನು ಹಿಡಿದರು.

ಎಂಟು ದಿನ ವರ್ನರ್‌ಗೆ ಚಿತ್ರಹಿಂಸೆ ಕೊಟ್ಟರು. ಆಮೇಲೆ ಎರಡೂವರೆ ವರ್ಷ ಒಂದು ಜೈಲಿನಿಂದ ಇನ್ನೊಂದಕ್ಕೆ, ಒಂದು ಶಿಬಿರದಿಂದ ಇನ್ನೊಂದಕ್ಕೆ ತಿರುಗಿಸಿದರು. ಒಟ್ಟು ಒಂಬತ್ತು ಕಡೆ. ಅಖಾಡದಲ್ಲಿ ಎದುರಾಳಿಯನ್ನು ಅನಾಯಾಸವಾಗಿ ಎತ್ತುತ್ತಿದ್ದ ಆ ಮೈ ಹಸಿವಿನಿಂದ, ಏಟಿನಿಂದ ಸೊರಗಿತು.

1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ನ್ಯಾಯಾಲಯ ಅವರಿಗೆ ಮರಣದಂಡನೆ ವಿಧಿಸಿತು. ಊರಿಗ್ ಅವರನ್ನು ಅದಕ್ಕೆ ಮುಂಚೆಯೇ, ಆಗಸ್ಟ್ 21ರಂದು ಕೊಂದಿದ್ದರು. 1944ರ ಅಕ್ಟೋಬರ್ 24ರಂದು ಬ್ರಾಂಡೆನ್‌ಬುರ್ಗ್ ಜೈಲಿನಲ್ಲಿ ವರ್ನರ್ ಅವರ ತಲೆ ಕಡಿದರು. ಅವರಿಗೆ ಆಗ 40 ವರ್ಷ. ಆ ಜೈಲಿನಲ್ಲಿ ನಾಜಿಗಳು ಹೀಗೆ ಕೊಂದವರ ಸಂಖ್ಯೆ ಸಾವಿರಕ್ಕೂ ಮೀರಿದ್ದು.

ಸಾಯುವ ಮುಂಚೆ ವರ್ನರ್ ತಮ್ಮ ತಂದೆಗೆ ಒಂದು ಕಾಗದ ಬರೆದರು. ಮನೆಯವರ ಮನಸ್ಸಿನಲ್ಲಿಯೂ ಕುಸ್ತಿ ಪ್ರೇಮಿಗಳ ಮನಸ್ಸಿನಲ್ಲಿಯೂ ತನಗೊಂದು ಜಾಗ ಇದೆ, ಆ ನೆನಪೇ ತನಗೆ ಬಲ ಕೊಡುತ್ತದೆ, ಕೊನೆಯ ಗಳಿಗೆಯಲ್ಲಿ ತಾನು ದುರ್ಬಲನಾಗುವುದಿಲ್ಲ ಎಂಬ ಅರ್ಥದ ಮಾತುಗಳು ಆ ಕಾಗದದಲ್ಲಿವೆ. ಮಗನಿಂದ ಇಂಥ ಕಾಗದ ಓದಬೇಕಾದ ತಂದೆಯನ್ನು ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಇನ್ನೊಂದು ಆರು ತಿಂಗಳು ತಡೆದಿದ್ದರೆ ಅವರು ಬದುಕಿ ಉಳಿಯುತ್ತಿದ್ದರು. 1945ರ ಏಪ್ರಿಲ್ 27ರಂದು ರಷ್ಯಾದ ಸೈನ್ಯ ಆ ಜೈಲಿಗೆ ಬಂದು ಉಳಿದ ಕೈದಿಗಳನ್ನು ಬಿಡಿಸಿತು. ಮೇ 8ರಂದು ಜರ್ಮನಿ ಸೋತು ಶರಣಾಯಿತು.

ಹೆಸರಿಗೂ ಒಂದು ಕುಸ್ತಿ

ಸತ್ತ ಮೇಲೂ ವರ್ನರ್ ಅವರ ಹೆಸರಿಗೆ ನೆಮ್ಮದಿ ಸಿಗಲಿಲ್ಲ. ಯುದ್ಧ ಮುಗಿದ ವರ್ಷ, 1945ರ ಜುಲೈ 29ರಂದು, ಬರ್ಲಿನ್‌ನ ನೊಯ್‌ಕೋಲ್ನ್ ಬಡಾವಣೆಯ ಕ್ರೀಡಾಂಗಣದಲ್ಲಿ ಅವರ ಅಸ್ಥಿಯನ್ನು ಮಣ್ಣು ಮಾಡಿ, ಆ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು. ಆದರೆ ಸ್ವಲ್ಪ ದಿನದಲ್ಲೇ ಜರ್ಮನಿ ಎರಡು ಭಾಗವಾಯಿತು. ಪೂರ್ವದಲ್ಲಿ ಕಮ್ಯುನಿಸ್ಟ್ ಸರ್ಕಾರ, ಪಶ್ಚಿಮದಲ್ಲಿ ಅವರ ವಿರೋಧಿಗಳ ಸರ್ಕಾರ. ಬರ್ಲಿನ್ ನಗರವೂ ಎರಡಾಯಿತು. ಅಸ್ಥಿ ಇದ್ದ ಕ್ರೀಡಾಂಗಣ ಪಶ್ಚಿಮಕ್ಕೆ ಸೇರಿತು. ಅವರು ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಅಲ್ಲಿಯವರು ಹೆಸರು ಅಳಿಸಿ, ಬಡಾವಣೆಯ ಹೆಸರನ್ನೇ ಇಟ್ಟರು.

ಪೂರ್ವದವರು ಅವರನ್ನು ದೊಡ್ಡ ವೀರನನ್ನಾಗಿ ಮಾಡಿದರು. ಹಳೆಯ ಕಟ್ಟಡವೊಂದನ್ನು ರಿಪೇರಿ ಮಾಡಿಸಿ 1950ರಲ್ಲಿ ಅವರ ಹೆಸರಿನ ದೊಡ್ಡ ಕ್ರೀಡಾ ಭವನ ಮಾಡಿದರು. ಸಿನಿಮಾನೂ ತೆಗೆದರು. ಆದರೆ ಆ ಸರ್ಕಾರವೂ ಎದುರು ಮಾತಾಡಿದವರನ್ನು ಜೈಲಿಗೆ ಹಾಕುತ್ತಿತ್ತು. ಒಪ್ಪದಿದ್ದರೂ ತಲೆಯಾಡಿಸಿ ಎಂದು ಹೇಳುವ ಸರ್ಕಾರವೇ, ಒಪ್ಪದೆ ಕೈ ಇಳಿಸಿ ನಿಂತವನ ಫೋಟೋ ಗೋಡೆಗೆ ಹಾಕಿಕೊಂಡಿತು. ಇದನ್ನು ದೊಡ್ಡವರಾದ ಮೇಲೆ ನಾವು ಇನ್ನೂ ಚೆನ್ನಾಗಿ ಯೋಚನೆ ಮಾಡಬೇಕು.

1990ರಲ್ಲಿ ಎರಡೂ ಜರ್ಮನಿ ಒಂದಾದವು. ಪೂರ್ವದ ಆ ಭವನವನ್ನು ಮುಂದೆ ಕೆಡವಿ ಅಲ್ಲಿ ಸೈಕಲ್ ಪಂದ್ಯದ ಕ್ರೀಡಾಂಗಣ ಕಟ್ಟಿದರು. ಆದರೆ 2004ರಲ್ಲಿ, ವರ್ನರ್ ಹುಟ್ಟಿ ನೂರು ವರ್ಷ ಆದಾಗ, ನೊಯ್‌ಕೋಲ್ನ್‌ನ ಕ್ರೀಡಾಂಗಣಕ್ಕೆ ಅವರ ಹೆಸರನ್ನು ಮತ್ತೆ ಇಟ್ಟರು. ಈ ಸಲ ಎರಡೂ ಕಡೆಯ ಜಗಳ ಮುಗಿದಿತ್ತು. ಅಕ್ಟೋಬರ್ 24, ಅಂದರೆ ಅವರು ಪ್ರಾಣ ಕೊಟ್ಟ ದಿನವೇ ಹೆಸರು ವಾಪಸು ಬಂತು. ಅಲ್ಲಿ ಅವರ ಸಮಾಧಿ ಇದೆ. ಪಕ್ಕದ ಮೈದಾನದಲ್ಲಿ ಮಕ್ಕಳು ಆಡುತ್ತಾರೆ.

ನಾವು ಕಲಿಯುವುದೇನು?

ಸ್ನೇಹಿತರೇ, ವರ್ನರ್ ಅವರ ಪಕ್ಷ, ಅವರ ರಾಜಕೀಯ ಎಲ್ಲರಿಗೂ ಒಪ್ಪಿಗೆ ಆಗಬೇಕಾಗಿಲ್ಲ. ಆದರೆ ಅವರ ಜೀವನದಿಂದ ಎರಡು ಮಾತು ನಾವು ತಿಳಿದುಕೊಳ್ಳಬಹುದು.

ಒಂದು, ಬಲ ಅಂದರೆ ಬರೀ ತೋಳಿನ ಬಲ ಅಲ್ಲ. ಗ್ರೀಕೋ-ರೋಮನ್ ಕುಸ್ತಿ ಪೂರ್ತಿ ಕೈ ತೋಳುಗಳ ಆಟ. ಆ ತೋಳಿನಿಂದ ವರ್ನರ್ ಎಷ್ಟೋ ಜನರನ್ನು ಎತ್ತಿ ಹಾಕಿದರು. ಆದರೆ ಅವರ ಎಲ್ಲಕ್ಕಿಂತ ದೊಡ್ಡ ಪಟ್ಟು, ಎತ್ತು ಎಂದು ಇಡೀ ದೇಶವೇ ಹೇಳಿದಾಗ ಆ ಕೈಯನ್ನು ಎತ್ತದೆ ಇದ್ದದ್ದು. ಆ ಪಟ್ಟಿಗೆ 87 ಕಿಲೋ ತೂಕ ಬೇಕಾಗಿಲ್ಲ. ನಮ್ಮ ತರಗತಿಯ ಅತೀ ಸಣಕಲು ಹುಡುಗನಿಗೂ ಹುಡುಗಿಗೂ ಅದು ಸಾಧ್ಯ. ಹತ್ತು ಜನ ಸೇರಿ ಒಬ್ಬನನ್ನು ಹೀಯಾಳಿಸುವಾಗ ನಾವು ಅವರ ಜೊತೆ ನಗದೆ ಇದ್ದರೆ, ಎಲ್ಲರೂ ಸುಳ್ಳಿಗೆ ಹೂಂ ಅನ್ನುವಾಗ ನಾವು ಅನ್ನದೆ ಇದ್ದರೆ, ಅದೂ ಅದೇ ಪಟ್ಟು.

ಎರಡು, ಸೋಲಿನಲ್ಲಿ ಕೆಲಸ ಮುಗಿಯುವುದಿಲ್ಲ. ಬರ್ಲಿನ್‌ನಲ್ಲಿ ಅವರ ದೊಡ್ಡ ಆಸೆ ಮೊದಲ ಕುಸ್ತಿಯಲ್ಲೇ ಮುರಿಯಿತು. ಅವರು ಬೇರೆ ದಾರಿ ಹುಡುಕಿದರು. ಎಲ್ಲರಿಗೂ ಕಾಣುವ ಮೆಟ್ಟಿಲು ಸಿಗದಿದ್ದಾಗ ಯಾರಿಗೂ ಕಾಣದ ದಾರಿಯಲ್ಲಿ ಆರು ವರ್ಷ ನಡೆದರು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಗೆದ್ದ ಮೂವರೂ ಒಳ್ಳೆಯ ಪೈಲ್ವಾನರೇ, ಅವರಿಗೂ ನಮಸ್ಕಾರ. ಆದರೆ ಆ ಪಟ್ಟಿಯಲ್ಲಿ ನಾಲ್ಕನೇ ಸಾಲಿನಲ್ಲಿ ಇರುವ ಹೆಸರನ್ನೂ ನಾವು ಓದಬೇಕು.

ಈ ಲೇಖನ ಓದಿದವರು ಗರಡಿ ಮನೆ ಮುಂದೆ ಹೋಗುವಾಗ ಒಂದು ಗಳಿಗೆ ವರ್ನರ್ ಅವರನ್ನು ನೆನೆಯಿರಿ. ನಿಮಗೂ ಇಂಥ ಪೈಲ್ವಾನರ ಕಥೆ ಗೊತ್ತಿದ್ದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ಬರೆದುಕೊಡಿ.